ಅಪ್ಪನ 340 ಸಿಡಿ ಕಂಪ್ಯೂಟರಿಗೆ ಇಳಿಸಬೇಕು: ಎಂಪಿ3ಯಾ, ವೇವಾ, ಫ್ಲ್ಯಾಕಾ?

ಠಾಣೆ ತಂಬೂರಿ

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ದೀಪಾವಳಿಯೊಳಗೆ ಮನೆ ಖಾಲಿ ಮಾಡಬೇಕು. ಬಾಡಿಗೆಗೆ ಸಿಕ್ಕಿರುವುದು ಒಂದೇ ಬೆಡ್‌ರೂಮಿನ ಮನೆ. ಹಾಗಾಗಿ ಅಪ್ಪನ ಕಬ್ಬಿಣದ ಬೀರುವಿನಲ್ಲಿರುವ ಸಿಡಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿದೆ. ನಿನ್ನೆ ನೆಲದ ಮೇಲೆ ಕೂತು ಎಣಿಸಿದೆ. 340.

ಮುಕ್ಕಾಲು ಪಾಲು ಹಿಂದೂಸ್ತಾನಿ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಕುಮಾರ ಗಂಧರ್ವ, ಬಸವರಾಜ ರಾಜಗುರು. ಉಳಿದದ್ದು ದಾಸರ ಪದ, ವಚನ, ಭಾವಗೀತೆ, ಸ್ವಲ್ಪ ಯಕ್ಷಗಾನ. ಅರ್ಧದಷ್ಟು ಮುಂಬೈಯ ಕಾಲಾ ಘೋಡಾದ ರಿದಂ ಹೌಸ್‌ನಲ್ಲಿ ಕೊಂಡದ್ದು. ಬಿಲ್ಲುಗಳು ಇನ್ನೂ ಕವರಿನೊಳಗೇ ಇವೆ. 2016ರಲ್ಲಿ ಆ ಅಂಗಡಿ ಬಾಗಿಲು ಹಾಕಿದ ದಿನ ಅಪ್ಪ ರಾತ್ರಿ ಊಟಕ್ಕೆ ಕೂತು ಒಂದು ಮಾತೂ ಆಡಲಿಲ್ಲ.

ಮಗ ಹೇಳುತ್ತಾನೆ, ಎಂಪಿ3 320ರಲ್ಲಿ (ಸೆಕೆಂಡಿಗೆ 320 ಕಿಲೋಬಿಟ್) ಹಾಕು, ಸಾಕು ಅಂತ. ಆಫೀಸಿನ ಗೆಳೆಯ ವೇವ್ ಅನ್ನುತ್ತಾನೆ. ತಮ್ಮ ಫ್ಲ್ಯಾಕ್ ಅನ್ನುತ್ತಾನೆ. ಅಪ್ಪನಿಗೆ ಇದ್ಯಾವುದೂ ಬೇಡ. ಬೆಳಿಗ್ಗೆ ಐದೂವರೆಗೆ ಗುಂಡಿ ಒತ್ತಿದರೆ ಹಾಡು ಬರಬೇಕು, ಅಷ್ಟೇ. ಯಾವ ಫಾರ್ಮ್ಯಾಟ್ ಸರಿ? ಒಂದೇ ಸಾರಿ ಮಾಡುವ ಕೆಲಸ. ಇನ್ನೊಮ್ಮೆ ಮಾಡುವ ತಾಳ್ಮೆ ನನಗಿಲ್ಲ.

ಈಗಾಗಲೇ ಒಂದು ಎಡವಟ್ಟು ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ಹೋದ ವಾರ ತಂಗಿಯ ಮಗ "ನಾನು ಮಾಡ್ತೀನಿ ಮಾಮ" ಅಂತ ಇಪ್ಪತ್ತು ಸಿಡಿ ಪೆನ್ ಡ್ರೈವಿಗೆ ಕಾಪಿ ಮಾಡಿದ. ಇಪ್ಪತ್ತಕ್ಕೂ ಸೇರಿ ಹತ್ತು ನಿಮಿಷ! ಎಷ್ಟು ಬೇಗ ಆಯ್ತಲ್ಲ ಅಂತ ಖುಷಿಪಟ್ಟೆ. ಸಿಡಿ ತೆಗೆದಿಟ್ಟು ಹಾಕಿದರೆ ಒಂದೂ ಹಾಡುವುದಿಲ್ಲ.

ಲಿನಕ್ಸ್ ಲಿಂಗಣ್ಣ

ಫ್ಲ್ಯಾಕ್. ಮುಗಿಯಿತು.

ಡೋಂಬಿವಲಿ 7.42

ತಂಗಿಯ ಮಗ ಕಾಪಿ ಮಾಡಿದ್ದು ಸಿಡಿಎ ಫೈಲುಗಳನ್ನು, ಅಲ್ವಾ? ಟ್ರ್ಯಾಕ್01, ಟ್ರ್ಯಾಕ್02 ಅಂತ ಹೆಸರು, ಒಂದೊಂದೂ 1 ಕೆಬಿ ಅಂತ ತೋರಿಸುತ್ತದೆ. ಅವುಗಳಲ್ಲಿ ಹಾಡು ಇರುವುದಿಲ್ಲ. ಸಂಗೀತದ ಸಿಡಿಯಲ್ಲಿ ಫೈಲು ಅನ್ನುವುದೇ ಇಲ್ಲ. ಹಳೆ ಎಲ್‌ಪಿ ಹಾಗೆ ಒಂದೇ ಉದ್ದದ ಸುರುಳಿ. ವಿಂಡೋಸ್ ನಮಗೆ ಅರ್ಥವಾಗಲಿ ಅಂತ ಒಂದೊಂದು ಹಾಡಿಗೂ ಒಂದೊಂದು ಚೀಟಿ ತೋರಿಸುತ್ತದೆ. ಒಂದೊಂದು ಚೀಟಿಯೂ ಬರೀ 44 ಬೈಟ್. "ಈ ಹಾಡು ಇಲ್ಲಿಂದ ಶುರು" ಅನ್ನುವ ವಿಳಾಸ ಅಷ್ಟೇ. ಅವನು ಮದುವೆ ಮನೆಯ ಊಟ ಬಿಟ್ಟು ಆಮಂತ್ರಣ ಪತ್ರಿಕೆ ಕಟ್ಟಿಕೊಂಡು ಬಂದಿದ್ದಾನೆ.

ಬೈಯಬೇಡಿ. ನಾನೂ ಮೊದಲು ಅದನ್ನೇ ಮಾಡಿದ್ದೆ.

ಕೊತ್ರುಡ್ ಕಟ್ಟೆ

ಲಿಂಗಣ್ಣನ ಉತ್ತರ ಸರಿ, ಆದರೆ ಯಾಕೆ ಅಂತ ಹೇಳದಿದ್ದರೆ ನಾಳೆ ಇನ್ನೊಬ್ಬರು ಬಂದು ಬೇರೆ ಹೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಡಿಯಲ್ಲಿ ಸೆಕೆಂಡಿಗೆ 44,100 ಸಾರಿ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಗಂಟೆಯ ಸಿಡಿಗೆ ಸುಮಾರು 635 ಎಂಬಿ. ಅದನ್ನು ಹಾಗೇ ಎತ್ತಿಟ್ಟರೆ ವೇವ್. ಗಂಟು ಬಿಗಿಯಾಗಿ ಕಟ್ಟಿ, ಬಿಚ್ಚಿದಾಗ ಒಂದು ಬಿಟ್ಟೂ ಆಚೀಚೆ ಆಗದ ಹಾಗೆ ಇಟ್ಟರೆ ಫ್ಲ್ಯಾಕ್. ಅರ್ಧದಿಂದ ಅರವತ್ತು ಪರ್ಸೆಂಟ್ ಗಾತ್ರಕ್ಕೆ ಇಳಿಯುತ್ತದೆ. ಕಿವಿಗೆ ಕೇಳಿಸಲಿಕ್ಕಿಲ್ಲ ಅಂದುಕೊಂಡದ್ದನ್ನು ತೆಗೆದು ಎಸೆದರೆ ಎಂಪಿ3. ಎಸೆದದ್ದು ಮತ್ತೆ ಬರುವುದಿಲ್ಲ.

320ರ ಎಂಪಿ3 ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಫೂಬಾರ್ ಅನ್ನುವ ಪ್ಲೇಯರ್‌ನಲ್ಲಿ ಕಣ್ಣು ಕಟ್ಟಿದ ಹಾಗೆ ಎರಡನ್ನೂ ಹೋಲಿಸುವ ಪರೀಕ್ಷೆ ಇದೆ. ಗಂಗೂಬಾಯಿಯವರ ಒಂದು ಖ್ಯಾಲ್ ಇಟ್ಟುಕೊಂಡು ಹದಿನಾರು ಸಾರಿ ಊಹೆ ಮಾಡಿದೆ. ಒಂಬತ್ತು ಸರಿ ಬಂತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಕೇಳುವುದಕ್ಕೆ 320 ಧಾರಾಳ ಸಾಕು.

ಆದರೆ ನೀವು ಕೇಳುತ್ತಿರುವುದು ಬ್ಯಾಕಪ್ ಬಗ್ಗೆ. ಇಲ್ಲಿ ನನ್ನ ಕಥೆ ಹೇಳಬೇಕು. 2008ರಲ್ಲಿ ನನ್ನ ಹತ್ತಿರ ಇದ್ದದ್ದು 80 ಜಿಬಿ ಡಿಸ್ಕ್. ಜಾಗ ಉಳಿಸಲಿಕ್ಕೆ ಇನ್ನೂರು ಸಿಡಿಯನ್ನು 128ರ ಎಂಪಿ3 ಮಾಡಿದೆ. ಆಮೇಲೆ ಮನೆ ಬದಲಿಸುವಾಗ ಸಿಡಿಗಳನ್ನು ರದ್ದಿಯವನಿಗೆ ಕೊಟ್ಟೆ. ಹೌದು, ರದ್ದಿಯವನಿಗೆ. ಇವತ್ತು ಒಳ್ಳೆ ಹೆಡ್‌ಫೋನಿನಲ್ಲಿ ಹಾಕಿದರೆ ತಂಬೂರಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಭಜನೆಯಲ್ಲಿ ತಾಳದ ಏಟು ಬೀಳುವ ಮೊದಲೇ ಒಂದು "ಶ್" ಅನ್ನುವ ಸದ್ದು. ಜವಾರಿ, ಅಂದರೆ ತಂತಿಯ ಆ ಝೇಂಕಾರ, ಹೋಗಿಯೇ ಬಿಟ್ಟಿದೆ. ಅದೇ ಸಿಡಿಗಳನ್ನು ಈಗ ಹುಡುಕಿದರೆ ಕೆಲವು ಎಲ್ಲೂ ಸಿಗುವುದಿಲ್ಲ. ನಾಳೆ ಯಾವ ಹೊಸ ಫಾರ್ಮ್ಯಾಟ್ ಬಂದರೂ ಫ್ಲ್ಯಾಕಿನಿಂದ ಅದಕ್ಕೆ ಹೋಗಬಹುದು. ಎಂಪಿ3ಯಿಂದ ಹೋದರೆ ಎಸೆದದ್ದರ ಮೇಲೆ ಇನ್ನೂ ಸ್ವಲ್ಪ ಎಸೆದ ಹಾಗೆ.

ಮಾಟುಂಗಾ ಮಾಮ

ನಾನು ವೇವ್ ಪಕ್ಷ. ಕಂಪ್ರೆಸ್ ಮಾಡಿ ಆಮೇಲೆ ಬಿಚ್ಚಿದರೆ ಅದೇ ಬರುತ್ತದೆ ಅಂತ ಹೇಳುತ್ತೀರಿ. ಇರಬಹುದು. ಆದರೆ ಯಾಕೆ ಕಂಪ್ರೆಸ್ ಮಾಡಬೇಕು? ಡಿಸ್ಕ್ ಅಗ್ಗವಾಗಿದೆ. ರೇಷ್ಮೆ ಸೀರೆಯನ್ನು ಮಡಚಿ ಮಡಚಿ ಇಟ್ಟರೆ ಮಡಿಕೆಯಲ್ಲಿ ಹರಿಯುತ್ತದೆ. ನನ್ನ ಕಿವಿಗೆ ವೇವ್ ಸ್ವಲ್ಪ ತೆರೆದ ಹಾಗೆ ಕೇಳುತ್ತದೆ, ಸುಳ್ಳು ಹೇಳುವುದಿಲ್ಲ.

ಲಿನಕ್ಸ್ ಲಿಂಗಣ್ಣ

ಮಾಮ, ಫ್ಲ್ಯಾಕ್ ಸೀರೆ ಅಲ್ಲ. ಲೆಕ್ಕ. 12ನ್ನು "ಒಂದು ಡಜನ್" ಅಂತ ಬರೆದರೆ ಬಾಳೆಹಣ್ಣು ಕಮ್ಮಿ ಆಗುವುದಿಲ್ಲ.

ಕೊತ್ರುಡ್ ಕಟ್ಟೆ

ಮಾಮ, ಜಾಗದ ವಿಷಯ ನೀವು ಹೇಳಿದ್ದು ಸರಿ. 340 ಸಿಡಿಗೆ ವೇವ್ ಆದರೆ ಇನ್ನೂರು ಜಿಬಿ ಚಿಲ್ಲರೆ, ಫ್ಲ್ಯಾಕ್ ಆದರೆ 110–120. ಒಂದು ಟಿಬಿ ಡಿಸ್ಕಿಗೆ ಎರಡೂ ಲೆಕ್ಕಕ್ಕಿಲ್ಲ. ನಾನು ಫ್ಲ್ಯಾಕ್ ಅನ್ನುವುದು ಜಾಗಕ್ಕಾಗಿ ಅಲ್ಲ.

ಒಂದು, ಹೆಸರು. ವೇವ್ ಫೈಲಿನೊಳಗೆ ಕಲಾವಿದರು, ರಾಗ, ವರ್ಷ ಬರೆಯಲು ಜಾಗ ಇದೆ ಅಂತ ಹೇಳುತ್ತಾರೆ. ಆದರೆ ಒಂದು ಪ್ಲೇಯರ್ ಅದನ್ನು ಓದುತ್ತದೆ, ಇನ್ನೊಂದು ಓದುವುದಿಲ್ಲ. ಫೋಲ್ಡರ್ ಒಂದು ಸಾರಿ ಕಲಸಿಹೋದರೆ ಮೂರು ಸಾವಿರ ಟ್ರ್ಯಾಕ್‌ಗಳ ತಂದೆ ತಾಯಿ ಯಾರು ಅಂತ ಗೊತ್ತಾಗುವುದಿಲ್ಲ. ಫ್ಲ್ಯಾಕ್‌ನಲ್ಲಿ ನಮಗೆ ಬೇಕಾದ ಖಾನೆಯನ್ನು ನಾವೇ ಮಾಡಿಕೊಳ್ಳಬಹುದು. ನಾನು ರಾಗ, ತಾಳ, ತಬಲಾ, ಅಂಕಿತ ಅಂತ ನಾಲ್ಕು ಖಾನೆ ಮಾಡಿದ್ದೇನೆ. ಕನ್ನಡದಲ್ಲೇ ಬರೆದಿದ್ದೇನೆ, ಒತ್ತಕ್ಷರ ಸಮೇತ.

ಎರಡನೆಯದು ನನಗೆ ಜಾಸ್ತಿ ಮುಖ್ಯ. ಫ್ಲ್ಯಾಕ್ ಮಾಡುವಾಗ ಮೂಲ ಸದ್ದಿನ ಒಂದು ಚೆಕ್‌ಸಮ್, ಅಂದರೆ ಬೆರಳಚ್ಚು ಅನ್ನಿ, ಫೈಲಿನ ತಲೆಯಲ್ಲೇ ಕೂತುಬಿಡುತ್ತದೆ. ಹತ್ತು ವರ್ಷ ಬಿಟ್ಟು ಒಂದು ಪರೀಕ್ಷೆ ಓಡಿಸಿದರೆ, ಡಿಸ್ಕ್ ಹಳತಾಗಿ ಯಾವ ಫೈಲು ಕೆಟ್ಟಿದೆ ಅಂತ ಅದೇ ಹೇಳುತ್ತದೆ. ವೇವ್ ಸುಮ್ಮನೆ ಕೂತಿರುತ್ತದೆ. ಮಧ್ಯದಲ್ಲಿ ಒಂದು ಚೂರು ಕೆಟ್ಟಿದ್ದರೂ ನೀವು ಕೂತು ಕೇಳಿದಾಗಲೇ ಗೊತ್ತಾಗುವುದು.

ಮಾಟುಂಗಾ ಮಾಮ

ಬೆರಳಚ್ಚಿನ ವಿಷಯ ಗೊತ್ತಿರಲಿಲ್ಲ. ಅದು ಒಪ್ಪುವ ಮಾತು. ಕಿವಿಯ ವಿಷಯ ನಾನು ಬಿಟ್ಟುಕೊಡುವುದಿಲ್ಲ.

ಐಫೋನ್ ಅತ್ತಿಗೆ

ನಮ್ಮ ಮನೆಯಲ್ಲಿ ಎಲ್ಲರದೂ ಐಫೋನ್. ಆಪಲ್ ಮ್ಯೂಸಿಕ್ ಫ್ಲ್ಯಾಕ್ ತೆಗೆದುಕೊಳ್ಳುವುದೇ ಇಲ್ಲ. ಆಗ?

ಲಿನಕ್ಸ್ ಲಿಂಗಣ್ಣ

ಆಪಲ್ ಲಾಸ್‌ಲೆಸ್ ಮಾಡಿ. ಅಲ್ಯಾಕ್ ಅನ್ನುತ್ತಾರೆ. ಅದೂ ಒಂದು ಬಿಟ್ ಬಿಡುವುದಿಲ್ಲ. 2004ರಲ್ಲಿ ಬಂತು, 2011ರಲ್ಲಿ ಆಪಲ್ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಹಾಗಾಗಿ ಕಂಪನಿ ಕೈಬಿಟ್ಟರೂ ಫೈಲು ಅನಾಥ ಆಗುವುದಿಲ್ಲ. ಫ್ಲ್ಯಾಕ್‌ನಿಂದ ಅಲ್ಯಾಕ್‌ಗೆ, ಅಲ್ಯಾಕ್‌ನಿಂದ ಫ್ಲ್ಯಾಕ್‌ಗೆ ಎಷ್ಟು ಸಾರಿ ಬೇಕಾದರೂ ಓಡಾಡಬಹುದು, ಏನೂ ಸವೆಯುವುದಿಲ್ಲ. ಇಲ್ಲವೇ ಫೋನಿಗೆ ವಿಎಲ್‌ಸಿ ಪ್ಲೇಯರ್ ಹಾಕಿ, ಫ್ಲ್ಯಾಕ್ ಹಾಗೇ ಹಾಡುತ್ತದೆ.

ನಾನಾದರೆ ಫ್ಲ್ಯಾಕನ್ನೇ ಇಡುತ್ತೇನೆ. 2001ರಿಂದ ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಇಂಟರ್ನೆಟ್ಟಿನ ಅಧಿಕೃತ ಸ್ಟ್ಯಾಂಡರ್ಡ್ ಆಗಿಯೂ ಬಂತು, ಆರ್‌ಎಫ್‌ಸಿ 9639 ಅನ್ನುವ ದಾಖಲೆ. ಅಂದರೆ ಇವತ್ತಿನ ಸಾಫ್ಟ್‌ವೇರ್ ಎಲ್ಲ ಅಳಿದುಹೋದರೂ ಆ ಕಾಗದ ಓದಿ ಯಾರಾದರೂ ಹೊಸ ಪ್ಲೇಯರ್ ಬರೆಯಬಹುದು.

ಠಾಣೆ ತಂಬೂರಿ

ಸರಿ, ಫ್ಲ್ಯಾಕ್. ಇವತ್ತು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಯುಎಸ್‌ಬಿ ಡಿವಿಡಿ ಡ್ರೈವ್ ತಂದೆ. ಅಂಗಡಿಯ ಹುಡುಗ "ಇದು ಇನ್ನೂ ಯಾರಿಗೆ ಬೇಕು ಅಂಕಲ್" ಅಂದ. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಒಂದು ಲೆವೆಲ್ ಕೇಳುತ್ತಿದೆ. 8 ಅಂದರೆ ಒಳ್ಳೆ ಕ್ವಾಲಿಟಿನಾ?

ಡೋಂಬಿವಲಿ 7.42

ಇಲ್ಲ. ಎಲ್ಲದರ ಸದ್ದೂ ಒಂದೇ. 8 ಅಂದರೆ ಗಂಟು ಇನ್ನೂ ಸ್ವಲ್ಪ ಬಿಗಿ, ಕಟ್ಟಲು ಸ್ವಲ್ಪ ಜಾಸ್ತಿ ಹೊತ್ತು. ಮೊದಲೇ 5 ಇರುತ್ತದೆ, ಹಾಗೇ ಬಿಡಿ.

ಕೊತ್ರುಡ್ ಕಟ್ಟೆ

ಫಾರ್ಮ್ಯಾಟ್ ಮುಗಿಯಿತು ಅಂತ ನಿಟ್ಟುಸಿರು ಬಿಡಬೇಡಿ. ಸಿಡಿಯನ್ನು ಸರಿಯಾಗಿ ಓದುವುದೇ ದೊಡ್ಡ ಕೆಲಸ. ತಪ್ಪು ಓದಿ ಫ್ಲ್ಯಾಕ್ ಮಾಡಿದರೆ ಆ ತಪ್ಪನ್ನೇ ಒಂದು ಬಿಟ್ಟೂ ಬಿಡದೆ ಕಾಪಾಡುತ್ತದೆ.

ಡೇಟಾ ಸಿಡಿಯ ಪ್ರತಿ ತುಣುಕಿನಲ್ಲೂ 2,352 ಬೈಟಿಗೆ 2,048 ಮಾತ್ರ ನಮ್ಮದು. ಉಳಿದದ್ದರಲ್ಲಿ ಹೆಚ್ಚಿನದು ತಪ್ಪು ತಿದ್ದಲು. ಸಂಗೀತದ ಸಿಡಿಯಲ್ಲಿ ಈ ಹೆಚ್ಚಿನ ಕಾವಲು ಇಲ್ಲ, ಪೂರ್ತಿ 2,352 ಹಾಡಿಗೇ. ಗೀರು ಆಳವಾಗಿದ್ದರೆ ಪ್ಲೇಯರ್ ಹಿಂದೆ ಮುಂದೆ ನೋಡಿ ನಡುವಿನದನ್ನು ಊಹಿಸಿ ತುಂಬಿಬಿಡುತ್ತದೆ. ಕೇಳುವವರಿಗೆ ಗೊತ್ತಾಗುವುದಿಲ್ಲ. ಬ್ಯಾಕಪ್ ಮಾಡುವವರಿಗೆ ಗೊತ್ತಾಗಬೇಕು.

ಅದಕ್ಕೆ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಹಾಕಿಕೊಳ್ಳಿ, ಪುಕ್ಕಟೆ. ಸೆಕ್ಯೂರ್ ಮೋಡ್‌ನಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಆಮೇಲೆ ಅಕ್ಯುರೇಟ್‌ರಿಪ್ ಅಂತ ಒಂದು ವ್ಯವಸ್ಥೆ ಇದೆ. ಅದೇ ಸಿಡಿಯನ್ನು ಜಗತ್ತಿನಲ್ಲಿ ಬೇರೆ ಯಾರಾದರೂ ಓದಿಸಿದ್ದರೆ ಅವರ ಉತ್ತರಕ್ಕೂ ನಿಮ್ಮ ಉತ್ತರಕ್ಕೂ ತಾಳೆ ನೋಡುತ್ತದೆ. ಮ್ಯಾಕ್ ಇದ್ದವರಿಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್.

ನಮ್ಮವರ ಕಷ್ಟ ಏನೆಂದರೆ, ದೊಡ್ಡ ಕಂಪನಿಯ ಭೀಮಸೇನರ ಸಿಡಿ ಆ ಪಟ್ಟಿಯಲ್ಲಿ ಸಿಗುತ್ತದೆ. ಧಾರವಾಡದ ಸಣ್ಣ ಸಂಸ್ಥೆಯವರು ಮಾಡಿಸಿದ ವಚನದ ಸಿಡಿ ಸಿಗುವುದಿಲ್ಲ. ಆಗ ಎರಡು ಸಾರಿ ಓದಿಸಿ, ಎರಡರ ಸಿಆರ್‌ಸಿ ಸಂಖ್ಯೆ (ಅದೂ ಬೆರಳಚ್ಚಿನಂಥದ್ದೇ) ಒಂದೇನಾ ಅಂತ ನೋಡಿ. ಬೇರೆ ಡ್ರೈವಿನಲ್ಲಿ ಓದಿಸಿದರೆ ಇನ್ನೂ ಒಳ್ಳೆಯದು.

ವಾಸ್ಕೋ ವಾಸಿ

ನಾನು ಗೋವಾದಿಂದ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ ಮೇಲೂ ಬೂಷ್ಟು ಬರುತ್ತದೆ, ಸಿಡಿ ಯಾವ ಲೆಕ್ಕ. ಹೋದ ಮಳೆಗಾಲದ ನಂತರ ಮರದ ಕಪಾಟು ತೆಗೆದರೆ ಸಿಡಿ ಮೇಲೆ ಬಿಳಿ ಜೇಡರ ಬಲೆಯಂಥ ಗೆರೆಗಳು. ಒರೆಸಿದರೆ ಕೆಲವು ಹೋದವು. ಕೆಲವು ಒಳಗೇ ಇಳಿದಿದ್ದವು. ಪ್ಲಾಸ್ಟಿಕ್ ಪೌಚಿನಲ್ಲಿ ಇಟ್ಟವು ಪೌಚಿಗೇ ಅಂಟಿಕೊಂಡಿದ್ದವು. ಬಿಡಿಸುವಾಗ ಚರ್ರ್ ಅಂತ ಸದ್ದು, ಜೊತೆಗೆ ಲೇಬಲಿನ ಬೆಳ್ಳಿಯೂ ಬಂತು. ಅಲ್ಲಿಗೆ ಮುಗಿಯಿತು.

ಹೊಳೆಯುವ ಅಡಿಭಾಗ ಮುಖ್ಯ ಅಂತ ಎಲ್ಲರೂ ಅದನ್ನೇ ಕಾಪಾಡುತ್ತಾರೆ. ಆದರೆ ಹಾಡು ಇರುವುದು ಲೇಬಲಿನ ಕೆಳಗೇ, ವಾರ್ನಿಷ್‌ನಂಥ ತೆಳ್ಳಗಿನ ಲ್ಯಾಕರ್ ಪದರದ ಅಡಿಯಲ್ಲಿ. ಅಡಿಭಾಗದಲ್ಲಿ ಒಂದು ಮಿಲಿಮೀಟರಿಗಿಂತ ಜಾಸ್ತಿ ಪ್ಲಾಸ್ಟಿಕ್ ಇದೆ, ಗೀರು ಬಿದ್ದರೂ ತಿಕ್ಕಬಹುದು. ಲೇಬಲ್ ಕಡೆ ಕೆತ್ತಿದರೆ ಹಾಡೇ ಹೋಯಿತು. ಅನುಮಾನ ಇದ್ದರೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬೆಳಕು ತೂರಿ ಬಂದರೆ ಆ ಸಿಡಿಯನ್ನು ಇವತ್ತೇ ಓದಿಸಿ.

ಒರೆಸುವಾಗ ರೊಟ್ಟಿ ಲಟ್ಟಿಸಿದ ಹಾಗೆ ಗುಂಡಗೆ ತಿರುಗಿಸಬೇಡಿ. ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಸುರುಳಿಯ ಉದ್ದಕ್ಕೆ ಬಿದ್ದ ಗೀರನ್ನು ಡ್ರೈವ್ ಸರಿಮಾಡಿಕೊಳ್ಳುವುದು ಕಷ್ಟ, ಅಡ್ಡ ಬಿದ್ದದ್ದು ಪರವಾಗಿಲ್ಲ.

ಮಾಟುಂಗಾ ಮಾಮ

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಬರುತ್ತದೆ. ಬಿಳಿ ಪೇಸ್ಟ್. ಜೆಲ್ ಬೇಡ.

ವಾಸ್ಕೋ ವಾಸಿ

ಮಾಮ, ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ. ಮೊದಲು ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಚೆಲ್ಲಿದ ಸಿಡಿಯನ್ನು ಇನ್ನೊಂದು ನಗುನಗುತ್ತಾ ಓದಿದ್ದನ್ನು ನಾನೇ ನೋಡಿದ್ದೇನೆ.

ಭಾಂಡುಪ್ ಭಾಗವತ

ಯಕ್ಷಗಾನದ ಸಿಡಿ ಇದೆ ಅಂದಿರಲ್ಲ, ಒಂದು ಮಾತು. ಅವುಗಳಲ್ಲಿ ಅರ್ಧಕ್ಕರ್ಧ ಸಂಗೀತದ ಸಿಡಿ ಆಗಿರುವುದಿಲ್ಲ. "ಎಂಪಿ3" ಅಂತ ಮೂಲೆಯಲ್ಲಿ ಸಣ್ಣಗೆ ಬರೆದಿರುತ್ತದೆ. ಇಡೀ ರಾತ್ರಿಯ ಪ್ರಸಂಗ ಒಂದೇ ಸಿಡಿಯಲ್ಲಿ ಹಿಡಿದಿದೆ ಅಂದರೆ ಅದು ಎಂಪಿ3 ಎಂದೇ ಲೆಕ್ಕ, ಯಾಕೆಂದರೆ ಸಂಗೀತದ ಸಿಡಿಗೆ 80 ನಿಮಿಷದ ಮೇಲೆ ಹಿಡಿಯುವುದಿಲ್ಲ. "50 ಭಕ್ತಿಗೀತೆಗಳು" ಅನ್ನುವ ಸಿಡಿಗಳೂ ಅಷ್ಟೇ. ಅವನ್ನು ಕಂಪ್ಯೂಟರಿನಲ್ಲಿ ತೆರೆದರೆ ಎಂಪಿ3 ಫೈಲುಗಳೇ ಕಾಣಿಸುತ್ತವೆ. ಹಾಗೇ ಕಾಪಿ ಮಾಡಿ. ಫ್ಲ್ಯಾಕ್ ಮಾಡಿದರೆ ಗಾತ್ರ ಉಬ್ಬುತ್ತದೆ, ಸದ್ದು ಹಾಗೇ ಇರುತ್ತದೆ. ನೀರು ಬೆರೆಸಿದ ಹಾಲನ್ನು ಬೆಳ್ಳಿ ಲೋಟಕ್ಕೆ ಹಾಕಿದ ಹಾಗೆ.

ವಿಸಿಡಿ ಇದ್ದರೆ ಒಳಗೆ ಒಂದು ಡಿಎಟಿ ಫೈಲು ಇರುತ್ತದೆ. ಅದನ್ನೂ ಹಾಗೇ ಎತ್ತಿಡಿ, ವಿಎಲ್‌ಸಿ ಹಾಡುತ್ತದೆ.

ಇನ್ನೊಂದು ವಿಷಯ, ನಾನು ಬಹಳ ಅನುಭವಿಸಿದ್ದು. ಪದ್ಯ ಮುಗಿದು ಅರ್ಥ ಶುರುವಾಗುವ ಹೊತ್ತಿಗೆ ಟ್ರ್ಯಾಕ್ ಬದಲಾಗುತ್ತದೆ. ಚೆಂಡೆ ನಿಂತಿರುವುದಿಲ್ಲ. ಎಂಪಿ3ಯಲ್ಲಿ ಅಲ್ಲಿ ಒಂದು ಚಿಕ್ಕ ತಡವರಿಕೆ ಬರುತ್ತದೆ. ನಿಮ್ಮ ಖ್ಯಾಲಿಗೂ ಇದೇ ಗತಿ ಆಗಬಹುದು, ನಿಧಾನದ ವಿಲಂಬಿತ್‌ನಿಂದ ವೇಗದ ದ್ರುತ್‌ಗೆ ದಾಟುವ ಕಡೆ ಟ್ರ್ಯಾಕ್ ಕತ್ತರಿಸಿದ್ದರೆ.

ಲಿನಕ್ಸ್ ಲಿಂಗಣ್ಣ

ಭಾಗವತರು ಹೇಳಿದ್ದು ಸರಿ. ಎಂಪಿ3 ಸದ್ದನ್ನು 1,152 ಸ್ಯಾಂಪಲ್‌ಗಳ ಡಬ್ಬಿಗಳಲ್ಲಿ ತುಂಬುತ್ತದೆ, ಒಂದು ಡಬ್ಬಿ 26 ಮಿಲಿಸೆಕೆಂಡ್. ಹಾಡು ಸರಿಯಾಗಿ ಡಬ್ಬಿ ತುಂಬುವಷ್ಟೇ ಇರುವುದಿಲ್ಲವಲ್ಲ. ತುದಿಯಲ್ಲಿ ಖಾಲಿ ಉಳಿಯುತ್ತದೆ, ಮೊದಲಲ್ಲೂ ಸ್ವಲ್ಪ ಮೌನ ಸೇರುತ್ತದೆ. ಎಂಪಿ3 ಮಾಡುವ ಲೇಮ್ ಅನ್ನುವ ಸಾಫ್ಟ್‌ವೇರ್ ಎಷ್ಟು ಖಾಲಿ ಇದೆ ಅಂತ ಬರೆದಿಡುತ್ತದೆ, ಅದನ್ನು ಓದುವ ಪ್ಲೇಯರ್ ಆದರೆ ತಡವರಿಕೆ ಬರುವುದಿಲ್ಲ. ಓದದ ಪ್ಲೇಯರ್‌ಗಳೂ ಇವೆ, ಅದರಲ್ಲೂ ಕಾರಿನವು. ಫ್ಲ್ಯಾಕಿಗೆ ಈ ತೊಂದರೆ ಇಲ್ಲ.

ಡೋಂಬಿವಲಿ 7.42

ಕಾರಿನ ವಿಷಯ ಬಂತು. ನನ್ನ ಹಳೆ ಕಾರಿನ ಸ್ಟೀರಿಯೋ ಫ್ಲ್ಯಾಕ್ ಮುಟ್ಟುವುದಿಲ್ಲ. ಫ್ಲ್ಯಾಕ್ ಫೋಲ್ಡರಿನಿಂದ ಒಂದು ರಾತ್ರಿ ಕಂಪ್ಯೂಟರ್ ಬಿಟ್ಟು ಎಂಪಿ3 ಪ್ರತಿ ಮಾಡಿಸಿದೆ, ಲೇಮ್‌ನ ವಿ2 ಸೆಟ್ಟಿಂಗ್, ಸರಾಸರಿ 190 ಕಿಲೋಬಿಟ್. ಕಲ್ಯಾಣ್–ಶೀಳ್ ರಸ್ತೆಯ ಗುಂಡಿಗಳ ಮಧ್ಯೆ ಅದಕ್ಕಿಂತ ಜಾಸ್ತಿ ಯಾವ ದೇವರಿಗೂ ಕೇಳಿಸುವುದಿಲ್ಲ. ಪೆನ್ ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಿನಲ್ಲಿರಲಿ. ಕನ್ನಡದ ಹೆಸರು ನನ್ನ ಸ್ಟೀರಿಯೋದಲ್ಲಿ ಬರೀ ಚೌಕ ಚೌಕ. ಹಾಗಾಗಿ ಫೈಲಿನ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಒಳಗಿನ ಟ್ಯಾಗ್ (ಕಲಾವಿದರು, ರಾಗದ ಖಾನೆಗಳು) ಕನ್ನಡದಲ್ಲಿ.

ಟ್ಯಾಗ್ ಹಾಕುವ ಮುಂಚೆ ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ನನ್ನ ಲೈಬ್ರರಿಯಲ್ಲಿ ಮನ್ಸೂರ್, ಮನಸೂರ, ಮನ್ಸೂರು ಅಂತ ಮೂರು ಜನ ಕಲಾವಿದರಿದ್ದರು. ಮೂವರೂ ಅದೇ ಅಲ್ಹೈಯಾ ಬಿಲಾವಲ್ ರಾಗ ಹಾಡುತ್ತಿದ್ದರು.

ಐಫೋನ್ ಅತ್ತಿಗೆ

ಇದೆಲ್ಲ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಲ್ಲ? ಇಷ್ಟು ಒದ್ದಾಟ ಯಾಕೆ?

ಕೊತ್ರುಡ್ ಕಟ್ಟೆ

ಅರ್ಧ ಸಿಗುತ್ತದೆ. ಇವತ್ತು ಇದ್ದದ್ದು ನಾಳೆ ಬೂದಿ ಬಣ್ಣಕ್ಕೆ ತಿರುಗಿ ಒತ್ತಿದರೂ ಹಾಡದೆ ಕೂತದ್ದನ್ನು ನಾನು ಎಷ್ಟೋ ಸಾರಿ ನೋಡಿದ್ದೇನೆ. ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಅಲ್ಲಿ ಬರೆದಿರುವುದೂ ಅಪರೂಪ. ಅದು ಇರುವುದು ಸಿಡಿಯ ಜೊತೆಗಿನ ಪುಸ್ತಕದಲ್ಲಿ. ಅದನ್ನೂ ಸ್ಕ್ಯಾನ್ ಮಾಡಿ, ಆಯಾ ಫೋಲ್ಡರಿನಲ್ಲೇ ಇಡಿ. 300 ಡಿಪಿಐ ಸಾಕು. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಮಹೋತ್ಸವದ ಮಳಿಗೆಗಳಲ್ಲಿ ಕೊಂಡ ಒಂದೆರಡು ಸಿಡಿಯ ಪುಸ್ತಕದಲ್ಲಿ ಇಡೀ ಬಂದಿಶ್ (ಹಾಡಿನ ಸಾಹಿತ್ಯ) ಅಚ್ಚಾಗಿದೆ. ಸಿಡಿಗಿಂತ ಅದೇ ಬೆಲೆಯುಳ್ಳದ್ದು.

ಭಾಂಡುಪ್ ಭಾಗವತ

ಇದು ಕಾನೂನಿಗೆ ಸರಿನಾ, ಒಬ್ಬರು ಕೇಳಿದ್ದರು.

ಡೋಂಬಿವಲಿ 7.42

ದುಡ್ಡು ಕೊಟ್ಟು ಕೊಂಡ ಸಿಡಿ, ಸ್ವಂತ ಕೇಳಲಿಕ್ಕೆ. 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ ಅವಕಾಶ ಕೊಡುತ್ತದೆ. ವಾಟ್ಸಾಪ್ ಗುಂಪಿಗೆ ಹಂಚಲು ಹೋಗಬೇಡಿ, ಅದು ಬೇರೆ ಮಾತು.

ಠಾಣೆ ತಂಬೂರಿ

ಎರಡು ವಾರದ ವರದಿ. ದಿನಕ್ಕೆ ಐದರ ಲೆಕ್ಕದಲ್ಲಿ 68 ದಿನ ಹಿಡಿಯುತ್ತದೆ. ಈಗ 74 ಸಿಡಿ ಮುಗಿದಿದೆ. ಒಂದು ಮೋಜಿನ ವಿಷಯ ಕಂಡೆ. ಹಳೆ ಕಾಲದ ಮೊನೊ ಧ್ವನಿಮುದ್ರಣಗಳು ಬಹಳ ಸಣ್ಣ ಫೈಲಾಗುತ್ತಿವೆ. ಹೊಸ ಸಿಡಿ 350 ಎಂಬಿ ಬಂದರೆ ಅವು ಇನ್ನೂರೂ ಮುಟ್ಟುವುದಿಲ್ಲ. ಏನಾದರೂ ಬಿಟ್ಟುಹೋಯಿತಾ ಅಂತ ಗಾಬರಿಯಾಯಿತು.

ಲಿನಕ್ಸ್ ಲಿಂಗಣ್ಣ

ಎಡ ಬಲ ಎರಡೂ ಒಂದೇ ಆದಾಗ ಫ್ಲ್ಯಾಕ್ ಒಂದನ್ನು ಬರೆದು "ಇನ್ನೊಂದೂ ಇದೇ" ಅಂದುಬಿಡುತ್ತದೆ. ಗಾಬರಿ ಬೇಡ. ಎರಡನೇ ಡಿಸ್ಕ್ ತಂದಿರಾ?

ಠಾಣೆ ತಂಬೂರಿ

ಇನ್ನೂ ಇಲ್ಲ.

ಲಿನಕ್ಸ್ ಲಿಂಗಣ್ಣ

ಹಾಗಾದರೆ ಸದ್ಯಕ್ಕೆ ನಿಮ್ಮ ಬ್ಯಾಕಪ್ ಆ ಸಿಡಿಗಳೇ. ಎರಡು ಡಿಸ್ಕ್ ತನ್ನಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ. ಒಂದೇ ಬೀರುವಿನಲ್ಲಿ ಎರಡನ್ನೂ ಇಟ್ಟರೆ ಅದು ಒಂದೇ.

ವಾಸ್ಕೋ ವಾಸಿ

ಅಂಗಡಿಯಲ್ಲಿ ಕೊಂಡ ಸಿಡಿ ಆಮೇಲೆ ಮಾಡಿ. ಮನೆಯಲ್ಲಿ ಬರ್ನ್ ಮಾಡಿದ ಸಿಡಿ-ಆರ್ ಏನಾದರೂ ಇದೆಯಾ? ಅದನ್ನು ಮೊದಲು ಮಾಡಿ. ಅಚ್ಚಾದ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್‌ನಲ್ಲೇ ಗುಳಿಗಳಾಗಿ ಅಚ್ಚೊತ್ತಿರುತ್ತದೆ. ಸಿಡಿ-ಆರ್‌ನಲ್ಲಿ ಬರೀ ಬಣ್ಣದ ಪದರ, ಬಿಸಿಲಿಗೆ ಶಾಖಕ್ಕೆ ಮಾಸುತ್ತದೆ.

ಠಾಣೆ ತಂಬೂರಿ

ಒಂದು ಇದೆ. ಇದನ್ನು ಮೊದಲೇ ಹೇಳಬೇಕಿತ್ತು.

ನನ್ನ ಅಜ್ಜಿ ಧಾರವಾಡದ ಮನೆಯಲ್ಲಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಅಪ್ಪ ಕ್ಯಾಸೆಟ್ಟಿನಲ್ಲಿ ತುಂಬಿದ್ದರು. 2003ರಲ್ಲಿ ಒಂದು ಅಂಗಡಿಯಲ್ಲಿ ಕೊಟ್ಟು ಸಿಡಿ ಮಾಡಿಸಿದರು. ಮೇಲೆ ಕಾಗದದ ಲೇಬಲ್ ಅಂಟಿಸಿದ್ದಾರೆ. ಅದರ ಮೇಲೆ ಅಪ್ಪ ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ "ಅವ್ವ" ಅಂತ ಬರೆದಿದ್ದಾರೆ. ಲೇಬಲ್ ಒಂದು ಕಡೆ ಗುಳ್ಳೆ ಎದ್ದಿದೆ. ಬೆಳಕಿಗೆ ಹಿಡಿದರೆ "ವ್ವ" ಇರುವ ಕಡೆ ಎರಡು ಮೂರು ಚುಕ್ಕೆ ಬೆಳಕು ಬರುತ್ತದೆ.

ನಿನ್ನೆ ರಾತ್ರಿ ಹಾಕಿದೆ. ಐದು ಟ್ರ್ಯಾಕ್ ಸಲೀಸಾಗಿ ಬಂದವು. ಆರನೆಯದರಲ್ಲಿ ಡ್ರೈವ್ ನಿಧಾನವಾಯಿತು, ಗರ್ ಅಂದು ನಿಂತು, ಮತ್ತೆ ಗರ್ ಅಂದಿತು. ಒಂದೇ ಪದಕ್ಕೆ ಮೂರು ತಾಸು. ತಮ್ಮನ ಹಳೆ ಡೆಸ್ಕ್‌ಟಾಪಿನ ಡ್ರೈವಿನಲ್ಲೂ ಹಾಕಿ ನೋಡಿದೆ, ಅದು ಸ್ವಲ್ಪ ಜಾಸ್ತಿ ಓದಿತು. ಕೊನೆಗೆ ಎರಡು ಸೆಕೆಂಡು ಮಾತ್ರ ಹೋಗಿದೆ. ಅಜ್ಜಿ ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತುವ ಜಾಗ. ಕಲ್ಲಿನ ಸದ್ದು ಇದೆ, ಆಮೇಲೆ ಟಕ್, ಆಮೇಲೆ ಮತ್ತೆ ಕಲ್ಲು.

ಕೊತ್ರುಡ್ ಕಟ್ಟೆ

ಆ ಕ್ಯಾಸೆಟ್ ಎಲ್ಲಿದೆ?

ಠಾಣೆ ತಂಬೂರಿ

ಸಿಡಿ ಮಾಡಿಸಿದ ಮೇಲೆ ಎಸೆದಿರಬೇಕು ಅಂದುಕೊಂಡಿದ್ದೆ. ಇವತ್ತು ಅಪ್ಪನನ್ನು ಕೇಳಿದೆ. "ಮ್ಯಾಲೆ ಅಟ್ಟದಾಗ ಐತಿ, ಹಿತ್ತಾಳಿ ಡಬ್ಬಿಯೊಳಗ" ಅಂದರು. ಇದೆ! ಟೇಪು ಗಟ್ಟಿಯಾಗಿದೆ, ಪೆನ್ಸಿಲ್ ಹಾಕಿ ತಿರುಗಿಸಿದರೆ ತಿರುಗುತ್ತದೆ. ಆದರೆ ನುಡಿಸಲು ನಮ್ಮ ಹತ್ತಿರ ಯಂತ್ರ ಇಲ್ಲ.

ಮಾಟುಂಗಾ ಮಾಮ

ನನ್ನ ಹತ್ತಿರ ಡೆಕ್ ಇದೆ. ಹೋದ ವರ್ಷ ಬೆಲ್ಟ್ ಬದಲಿಸಿದ್ದೇನೆ, ಹೆಡ್ ಸ್ಪಿರಿಟ್‌ನಲ್ಲಿ ಒರೆಸಿಡುತ್ತೇನೆ. ಭಾನುವಾರ ಬನ್ನಿ. ಅಪ್ಪನನ್ನೂ ಕರೆದುಕೊಂಡು ಬನ್ನಿ. ಮೈಸೂರು ಅಸೋಸಿಯೇಷನ್ ಹತ್ತಿರ ಇಳಿದು ಫೋನ್ ಮಾಡಿ.

ಲಿನಕ್ಸ್ ಲಿಂಗಣ್ಣ

24 ಬಿಟ್‌ನಲ್ಲಿ ತೆಗೆಯಿರಿ ಮಾಮ. ಲೆವೆಲ್ ಕೆಂಪಿಗೆ ಹೋಗದ ಹಾಗೆ. ಯಾವ ಫಾರ್ಮ್ಯಾಟಿನಲ್ಲಿ ತುಂಬಿಕೊಳ್ಳುತ್ತೀರಿ?

ಮಾಟುಂಗಾ ಮಾಮ

ಮೊದಲು ವೇವ್. ಆಮೇಲೆ ನೀವು ಹೇಳಿದ್ದು.